ಗೋರಿಂಗ್‌ಗಿಂತ ಮೊದಲು ಮೋಸ ಹೋದವರು

17ನೇ ಶತಮಾನದ ಡಚ್ ಚಿತ್ರಕಾರ ವರ್ಮೀರ್‌ನ ಚಿತ್ರಗಳ ನಕಲಿಗಾರ ಹಾನ್ ವಾನ್ ಮೇಗರೆನ್, ಹಿಟ್ಲರನ ಬಲಗೈಯಾಗಿದ್ದ ನಾಜಿ ನಾಯಕ ಗೋರಿಂಗ್‌ಗೇ ನಕಲಿ ಚಿತ್ರ ಮಾರಿ ಟೋಪಿ ಹಾಕಿದ ಧೀರ ಅಂತ ಒಂದು ಲೇಖನದಲ್ಲಿ ಓದಿದೆ. ನಾನು ಒಪ್ಪುವುದಿಲ್ಲ. ಅದಕ್ಕೂ ಮೊದಲೇ, 1937ರಲ್ಲಿ, ಅವನು ಮೋಸ ಮಾಡಿದ್ದು ತನ್ನ ಡಚ್ ಜನರಿಗೇ ಅಲ್ವಾ? ರಾಟರ್‌ಡ್ಯಾಮ್ ಮ್ಯೂಸಿಯಂಗಾಗಿ ಐದು ಲಕ್ಷ ಗಿಲ್ಡರ್‌ಗೂ (ಆಗಿನ ಡಚ್ ನಾಣ್ಯ) ಜಾಸ್ತಿ ಕೊಟ್ಟು ಅವನ ನಕಲಿ ಚಿತ್ರ ಕೊಂಡರು.

ಕೈಕೆಲಸ ಮಾತ್ರ ಬೆರಗು ಹುಟ್ಟಿಸುತ್ತದೆ. ಎಣ್ಣೆಬಣ್ಣ ಪೂರ್ತಿ ಗಟ್ಟಿಯಾಗಲು ಹತ್ತಾರು ವರ್ಷ ಬೇಕು. ಅದು ಬೇಗ ಗಟ್ಟಿಯಾಗಲಿ ಅಂತ ಇವನು ಬಣ್ಣಕ್ಕೆ ಬೇಕಲೈಟ್ ಎಂಬ ಪ್ಲಾಸ್ಟಿಕ್ ಬೆರೆಸಿ, 17ನೇ ಶತಮಾನದ ಹಳೇ ಕ್ಯಾನ್ವಾಸ್ ಮೇಲೆ ಬರೆದು, ಓವನ್‌ನಲ್ಲಿ ಕಾಯಿಸುತ್ತಿದ್ದ. ಆಮೇಲೆ ಉರುಳೆಗೆ ಸುತ್ತಿ ಬಿರುಕು ಬಿಡಿಸಿ, ಆ ಸಂದುಗಳಿಗೆ ಕಪ್ಪು ಇಂಕ್ ಸವರುತ್ತಿದ್ದ, ಮುನ್ನೂರು ವರ್ಷದ ಧೂಳು ಕೂತ ಹಾಗೆ ಕಾಣಲಿ ಅಂತ. ಇಷ್ಟು ತಾಳ್ಮೆ ಇದ್ದವನು ತನ್ನ ಹೆಸರಲ್ಲೇ ಇನ್ನಷ್ಟು ಬರೆಯಬಾರದಿತ್ತೇ ಅಂತ ಸಂಕಟವಾಗುತ್ತದೆ. ನನಗೆ ಮರುಕ ಹುಟ್ಟುವುದು ಡಚ್ ಕಲಾತಜ್ಞ ಬ್ರೆಡಿಯಸ್ ಬಗ್ಗೆ. ಎಂಬತ್ತು ದಾಟಿದ ಅವರು, ರಾಟರ್‌ಡ್ಯಾಮ್‌ಗೆ ಹೋದ ಈ ಚಿತ್ರ ಅಸಲಿ ಅಂತಲೇ ನಂಬಿ, ಮನಸಾರೆ ಹೊಗಳಿ ಬರೆದಿದ್ದರು.