200 ಕುರ್ಚಿಗೆ ಎಷ್ಟು ಚೆಂಡೆ?

ಬದಿಯಡ್ಕ ಕಡೆಯ ನಮ್ಮ ಯುವಕ ಮಂಡಲದ ಆಸ್ತಿ ಇಷ್ಟು: ಕುರ್ಚಿ 200, ಕೊಪ್ಪರಿಗೆ 3, ಜಮಖಾನೆ 4, ಮತ್ತೆ ಯಾರು ಏನು ಕೊಂಡುಹೋದರು ಎಂದು ಬರೆದಿಡುವ ಒಂದು ಪುಸ್ತಕ. ಪುಸ್ತಕಕ್ಕೆ ದಾರದಲ್ಲಿ ಪೆನ್ನು ಕಟ್ಟಿದೆ. ಇದನ್ನು ಡಿಜಿಟಲ್ ಮಾಡಬೇಕೆಂದು ಬೆಂಗಳೂರಿನಿಂದ ರಜೆಗೆ ಬಂದ ಹುಡುಗರು ಪರದೆಯಲ್ಲಿ ಕಾಣುವ ಭಾಗವನ್ನು ಕಟ್ಟುವ ರಿಯಾಕ್ಟಿನಲ್ಲಿ ಒಂದು ಆ್ಯಪ್ ಮಾಡಿದರು. ಚಂದವೇ ಇದೆ. 'ಕುರ್ಚಿ ಬೇಕು' ಎಂದು ಒತ್ತಿದರೆ ಹಸುರು ಬಣ್ಣದಲ್ಲಿ 'ಆಯ್ತು' ಎಂದು ಬರುತ್ತದೆ. ಪುಟ ರಿಫ್ರೆಶ್ ಮಾಡಿದರೆ ಕುರ್ಚಿಯೂ ಇಲ್ಲ, ಆಯ್ತೂ ಇಲ್ಲ.

"ಮುಮ್ಮೇಳ ಮಾತ್ರ ಆದದ್ದು ಮಾಷ್ಟ್ರೇ, ಹಿಮ್ಮೇಳ ಇನ್ನು ಆಗಬೇಕಷ್ಟೆ" ಎಂದ ಒಬ್ಬ. ಯಕ್ಷಗಾನದಲ್ಲಿ ಎದುರು ಕುಣಿಯುವವರು ಮುಮ್ಮೇಳ, ಹಿಂದೆ ಹಾಡಿ ಬಾರಿಸುವವರು ಹಿಮ್ಮೇಳ; ಬ್ಯಾಕೆಂಡ್, ಅಂದರೆ ಕಣ್ಣಿಗೆ ಕಾಣದೆ ಲೆಕ್ಕ ಇಟ್ಟುಕೊಳ್ಳುವ ಹಿಂಬದಿ, ಕುಂಬಳೆ ಸೀಮೆಯವರಿಗೆ ಅರ್ಥವಾಗಲು ಇಷ್ಟು ಸಾಕು. ಕುರ್ಚಿ ಲೆಕ್ಕಕ್ಕೆ ಒಬ್ಬ ಭಾಗವತ, ಒಂದು ಮದ್ದಳೆ ಇದ್ದರೆ ಆಟ ನಡೆಯುತ್ತಿತ್ತು. ಹುಡುಗರು ತರಿಸಹೊರಟದ್ದು ನೂರು ಚೆಂಡೆ.

ಲಕ್ಷ ಮಂದಿ ಒಟ್ಟಿಗೆ ಬಂದರೂ ತಡೆಯಬೇಕು, ಹಲವು ಸರ್ವರುಗಳನ್ನು ಒಟ್ಟಿಗೆ ಕುಣಿಸುವ ಕುಬರ್ನೆಟಿಸ್ ಹಾಕೋಣ ಎಂದ ಒಬ್ಬ. ಲಕ್ಷ ಮಂದಿಯನ್ನು 200 ಕುರ್ಚಿಯಲ್ಲಿ ಕೂರಿಸುವುದು ಹೇಗೆಂದು ಅವನು ಬರೆದ ಚಿತ್ರದಲ್ಲಿ ಇರಲಿಲ್ಲ. ಇನ್ನೊಬ್ಬ ಗೂಗಲಿನ ಸಿದ್ಧ ಹಿಮ್ಮೇಳವಾದ ಫೈರ್‌ಬೇಸ್ ಪಕ್ಷ. ಅದರ ಡೇಟಾಬೇಸಾದ ಫೈರ್‌ಸ್ಟೋರಿನಲ್ಲಿ ದಿನಕ್ಕೆ 50,000 ಸಲ ಓದುವುದು ಪುಕ್ಕಟೆ. ಖಜಾಂಚಿ ಅಲ್ಲೇ ಭಾಗಿಸಿದರು: ಒಂದೊಂದು ಕುರ್ಚಿಯ ಯೋಗಕ್ಷೇಮವನ್ನು ದಿನಕ್ಕೆ 250 ಸಲ ವಿಚಾರಿಸಬಹುದು. "ನನ್ನನ್ನು ಮಕ್ಕಳು ವಾರಕ್ಕೊಮ್ಮೆ ಕೇಳುವುದಿಲ್ಲ" ಎಂದೂ ಸೇರಿಸಿದರು.

ಅಂಥದೇ ಇನ್ನೊಂದು ಸೇವೆ ಸೂಪಾಬೇಸ್ ಬಹುತೇಕ ಗೆದ್ದಿತ್ತು. ಒಳಗೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್, ಅಡ್ಡಗೆರೆ ಉದ್ದಗೆರೆ ಎಳೆದ ನಮ್ಮ ಪುಸ್ತಕದ ಹಾಗೆಯೇ. ಆದರೆ ಪುಕ್ಕಟೆ ಇಟ್ಟದ್ದನ್ನು ಒಂದು ವಾರ ಯಾರೂ ಮುಟ್ಟದಿದ್ದರೆ ಅದು ಮಲಗುತ್ತದೆ. ನಮ್ಮಲ್ಲಿ ಆಟಿ ತಿಂಗಳಿಡೀ ಮದುವೆಯಿಲ್ಲ, ಉಪನಯನವಿಲ್ಲ, ಕುರ್ಚಿ ಕೇಳುವವರಿಲ್ಲ. ಡೇಟಾಬೇಸಿಗೆ ನಿದ್ದೆ ಬಾರದಂತೆ ಮಂಡಲದ ವತಿಯಿಂದ ಪ್ರತಿ ಶನಿವಾರ ಒಂದು ಸುಳ್ಳು ಮದುವೆ ನಮೂದಿಸುವುದೆಂದು ನಿರ್ಣಯವಾಯಿತು. ಅನುಮೋದಕರು ಇಬ್ಬರು.

ಪಾಕೆಟ್‌ಬೇಸ್ ಎಂಬುದೊಂದಿದೆ. ಒಂದೇ ಫೈಲು, ಒಳಗೆ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್, ಸಣ್ಣ ಸರ್ವರಿನಲ್ಲಿ ನಡೆದುಹೋಗುತ್ತದೆ. ನನಗಂತೂ ಇದೇ ಹಿಡಿಸಿತು. "ಇಷ್ಟಕ್ಕೇ ಆದರೆ ಸಭೆ ಕರೆದದ್ದು ಎಂತಕ್ಕೆ?" ಎಂದು ಕಾರ್ಯದರ್ಶಿ ಕೇಳಿದ ಮೇಲೆ ಅದರ ಸುದ್ದಿ ನಿಂತಿತು.

ಕೊನೆಗೆ ಬಂತು ದೊಡ್ಡ ಹೆದರಿಕೆ: ಕಂಪೆನಿಯೇ ಬಾಗಿಲು ಹಾಕಿದರೆ? ಫೇಸ್‌ಬುಕ್ 2013ರಲ್ಲಿ ಪಾರ್ಸ್ ಎಂಬ ಇಂಥದೇ ಸೇವೆಯನ್ನು ಕೊಂಡು 2017ರಲ್ಲಿ ಮುಚ್ಚಿತ್ತು. ಆಗ ಮೈಗ್ರೇಶನ್, ಅಂದರೆ ಲೆಕ್ಕವನ್ನೆಲ್ಲ ಬೇರೆ ಕಡೆಗೆ ಸಾಗಿಸುವ ಕೆಲಸ, ಮಾಡಬೇಕಾಗುತ್ತದೆ ಎಂದು ಹುಡುಗ ಬೆವರಿದ.

ಮಾಷ್ಟ್ರು ಕವಳ ಉಗಿದು ಬಂದರು. "ಮೈಗ್ರೇಶನ್ ನಮಗೆ ಹೇಳಿಕೊಡ್ತೀಯಾ ಮಾರಾಯ? 1956 ನವೆಂಬರ್ 1ಕ್ಕೆ ಇಡೀ ಕಾಸರಗೋಡು ತಾಲೂಕನ್ನೇ ಮದ್ರಾಸಿನಿಂದ ಕೇರಳಕ್ಕೆ ಎತ್ತಿಟ್ಟರು. ಬ್ಯಾಕಪ್ ಯಾರೂ ತೆಗೆದಿರಲಿಲ್ಲ. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಕೊಡಿ ಎಂದು 1967ರಲ್ಲಿ ಗಡಿ ತಕರಾರಿನ ಮಹಾಜನ ಆಯೋಗ ಹೇಳಿತು. ಆ ರಿಕ್ವೆಸ್ಟ್ ಇನ್ನೂ ಗರಗರ ತಿರುಗ್ತಾ ಉಂಟು."

ಉಪಸಮಿತಿ ಆಯಿತು. ಅದರ ಮೊದಲ ಸಭೆಯನ್ನು ನಿಂತುಕೊಂಡೇ ನಡೆಸಿದೆವು. ಕುರ್ಚಿಗಳೆಲ್ಲ ಪೆರ್ಲದ ಒಂದು ಮದುವೆಗೆ ಹೋಗಿದ್ದವು. ಪುಸ್ತಕದಲ್ಲಿ ಬರೆದಿತ್ತಂತೆ, ಯಾರೂ ನೋಡಿರಲಿಲ್ಲ.