ಸ್ಪಷ್ಟನೆ: ಆ ಅಂಕಿ ಇಂಗ್ಲೆಂಡಿನದು, ಹುಬ್ಬಳ್ಳಿಯದಲ್ಲ

‘ತಮಗೆ ತಾವೇ ಹಾನಿ ಮಾಡಿಕೊಂಡು ಆಸ್ಪತ್ರೆಗೆ ಬರುವವರಲ್ಲಿ ಇಂಥ ಸಮುದಾಯದ ಹೆಣ್ಣುಮಕ್ಕಳೇ ಹೆಚ್ಚು, ಸಂಶೋಧನೆಯಿಂದ ಸಾಬೀತು’ ಎಂಬ ಸಂದೇಶ ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಅದು ಆಧಾರವಾಗಿ ತೋರಿಸುವ ಅಧ್ಯಯನ ನಡೆದದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರ್, ಆಕ್ಸ್‌ಫರ್ಡ್, ಡರ್ಬಿ ಆಸ್ಪತ್ರೆಗಳಲ್ಲಿ. 2001ರಿಂದ 2006ರವರೆಗಿನ ದಾಖಲೆ, 2010ರಲ್ಲಿ ಪ್ರಕಟ. ಪ್ರಮಾಣ ಹೆಚ್ಚು ಕಂಡದ್ದು ಅಲ್ಲಿನ ಕಪ್ಪು ಜನಾಂಗದ ಯುವತಿಯರಲ್ಲಿ. ನಮ್ಮ ಲಿಂಗಾಯತ, ಕುರುಬ, ಮುಸ್ಲಿಂ ಎಂಬ ಲೆಕ್ಕವೇ ಅದರಲ್ಲಿಲ್ಲ. ದಕ್ಷಿಣ ಏಷ್ಯಾದವರೆಲ್ಲ ಅಲ್ಲಿ ಒಂದೇ ಗುಂಪು. ಸಂದೇಶ ಹಂಚಿದವರು ನುಂಗಿಹಾಕಿದ ಮಾತು ಬೇರೆಯೇ ಇದೆ, ನನಗಂತೂ ಅದೇ ದೊಡ್ಡದು: ಅಪಾಯ ಹೆಚ್ಚಿದ್ದ ಆ ಯುವತಿಯರಿಗೇ ಮನೋವೈದ್ಯಕೀಯ ಆರೈಕೆ ಕಡಿಮೆ ಸಿಕ್ಕಿತ್ತು.

ಇನ್ನು, ಅದೇ ಸಂದೇಶಕ್ಕೆ ಅಂಟಿಸಿದ ‘ಆಸ್ಪತ್ರೆಗೆ ಹೋದರೆ ಜೈಲು ಗ್ಯಾರಂಟಿ’ ಎಂಬ ಬಾಲಂಗೋಚಿಯೂ ತಪ್ಪು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ, ಬೇರೆ ಸಾಬೀತಾಗದ ಹೊರತು ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಪೊಲೀಸರಿಗೆ ಮಾಹಿತಿ ಹೋಗಬಹುದು. ಆ ಹೆದರಿಕೆಗೆ ಕೇಸ್ ಪೇಪರಿನಲ್ಲಿ ‘ಆಕಸ್ಮಿಕ’ ಎಂದು ಬರೆಸಬೇಡಿ, ವೈದ್ಯರಿಗೆ ನಿಜ ಹೇಳಿ.

ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಹಗಲು-ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.