ಆಮೆಯ ಎಡಭಾಗ ವಿಮಾನದಲ್ಲಿದೆ

ಶಾಲೆಗಳ ‘ಕಸದಿಂದ ರಸ’ ಕಾರ್ಯಕ್ರಮಕ್ಕೆ ಸಾಗರೋತ್ತರ ಪಾಲುದಾರರು ಸಿಕ್ಕ ಮೇಲೆ ಮೊಟ್ಟಮೊದಲು ತಲೆದೋರುವ ಸಮಸ್ಯೆ ಕಸದ ಅಭಾವ. ಮನೆಗಳಲ್ಲಿ ಕಸಕ್ಕೇನೂ ಬರವಿಲ್ಲ. ಆದರೆ ಅಲ್ಲಿರುವುದು ಅಂತರರಾಷ್ಟ್ರೀಯ ಗುಣಮಟ್ಟದ ಕಸವಲ್ಲ. ಕಡಲಾಮೆಯೊಂದರ ಬಲಭಾಗವನ್ನು ಈ ಶಾಲೆಯೂ ಎಡಭಾಗವನ್ನು ಆ ಶಾಲೆಯೂ ತಯಾರಿಸಬೇಕೆಂದು ವಿಡಿಯೋ ಕರೆಯಲ್ಲಿ ತೀರ್ಮಾನವಾದ ದಿನವೇ, ಪ್ರತಿ ಮಗುವೂ ಒಂದೇ ಅಳತೆಯ, ಒಂದೇ ಬಣ್ಣದ, ಗೀರು ಬೀಳದ ಖಾಲಿ ಬಾಟಲಿಗಳನ್ನು ಮರುದಿನ ಬೆಳಗ್ಗೆ ತರತಕ್ಕದ್ದೆಂಬ ಸುತ್ತೋಲೆ ರಾತ್ರಿ ಊಟದ ಹೊತ್ತಿಗೆ ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಬಂದು ಬೀಳುತ್ತದೆ. ಆಗ ಪರಿಸರಪ್ರಜ್ಞೆಯುಳ್ಳ ತಂದೆತಾಯಂದಿರು ಮಾಡಬಹುದಾದದ್ದು ಒಂದೇ. ತುಂಬಿದ ಬಾಟಲಿಗಳನ್ನು ಕೊಂಡು ತಂದು, ಒಳಗಿನ ಪಾನೀಯವನ್ನು ಸಿಂಕಿಗೆ ಸುರಿದು, ಲೇಬಲಿನ ಅಂಟನ್ನು ಹೇರ್ ಡ್ರೈಯರಿನಲ್ಲಿ ಬಿಸಿ ಮಾಡಿ ಉಗುರಿನಿಂದ ಕೆರೆದು ತೆಗೆದು, ಅಪ್ಪಟ ಹೊಸ ತ್ಯಾಜ್ಯವನ್ನು ಸೃಷ್ಟಿಸುವುದು.

ಮುಂದಿನದು ಕಲೆ. ಬಾಟಲಿಯೊಂದರಿಂದಲೇ ಆಮೆಯಾಗುವುದಿಲ್ಲವಾದ್ದರಿಂದ ಹೊಸ ಥರ್ಮಾಕೋಲ್ ಹಾಳೆ, ಗ್ಲೂ ಗನ್, ಸ್ಪ್ರೇ ಪೇಂಟ್, ಕೊನೆಗೆ ಚಿಪ್ಪು ಮಿನುಗಲೆಂದು ಗ್ಲಿಟರ್ ಬರುತ್ತವೆ. (ಪ್ಲಾಸ್ಟಿಕ್ಕಿನ ಬಿಡಿ ಗ್ಲಿಟರ್ ಮಾರಾಟಕ್ಕೆ ಐರೋಪ್ಯ ಒಕ್ಕೂಟವು 2023ರ ಅಕ್ಟೋಬರಿನಲ್ಲಿ ಕಡಿವಾಣ ಹಾಕಿತು, ಆಮೆಯ ಸೌಂದರ್ಯದ ಪ್ರಶ್ನೆ ಅದರ ಗಮನಕ್ಕೆ ಬಂದಿರಲಾರದು.) 1942ರಲ್ಲಿ ಪಿಕಾಸೊ ಹಳೆಯ ಸೈಕಲ್ಲೊಂದರ ಸೀಟು ಮತ್ತು ಹ್ಯಾಂಡಲ್ ಜೋಡಿಸಿ ಗೂಳಿಯ ತಲೆ ಮಾಡಿದಾಗ ಅದಕ್ಕಾಗಿ ಹೊಸ ಸೈಕಲ್ ಖರೀದಿಸಿರಲಿಲ್ಲ. ಆದರೆ ಅವನ ಗೂಳಿಗೆ ಅಚ್ಚುಕಟ್ಟುತನದ ಅಂಕಗಳೂ ಇರಲಿಲ್ಲ, ಅಂಕಕ್ಕಾಗಿ ನಡುರಾತ್ರಿಯವರೆಗೆ ಎದ್ದಿದ್ದು ಮಗುವಿನ ಹೆಸರಿನಲ್ಲಿ ಅಂಟು ಹಚ್ಚುವ ತಾಯಿಯೂ ಇರಲಿಲ್ಲ.

ಬಾಟಲಿಯ ತಳದಲ್ಲಿ ತ್ರಿಕೋನದೊಳಗೆ 1 ಎಂದು ಅಚ್ಚಾಗಿರುತ್ತದೆ. ಇದು ಪೆಟ್ ಪ್ಲಾಸ್ಟಿಕ್, ಬೇರೆಯಾಗಿ ಶುಚಿಯಾಗಿ ಕೊಟ್ಟರೆ ಕರಗಿಸಿ ಮತ್ತೆ ಬಳಸಲು ಬರುವ ಜಾತಿ. ಅದಕ್ಕೆ ಬಣ್ಣ ಬಳಿದು, ಬಿಸಿ ಅಂಟಿನಿಂದ ಥರ್ಮಾಕೋಲಿಗೆ ಬೆಸೆದು, ಮೇಲೆ ಮಿನುಗು ಉದುರಿಸಿದ ಬಳಿಕ ಮರುಬಳಕೆ ಘಟಕದವರು ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. 2015ರವರೆಗೆ ಜಗತ್ತಿನಲ್ಲಿ ಉಂಟಾದ ಪ್ಲಾಸ್ಟಿಕ್ ತ್ಯಾಜ್ಯದಲ್ಲಿ ಮರುಬಳಕೆಯಾದದ್ದು ಸುಮಾರು ಶೇ. 9 ಮಾತ್ರ ಎಂಬ ಅಂದಾಜಿದೆ. ಆ ಒಂಬತ್ತರೊಳಗೆ ಸೇರಬಹುದಾಗಿದ್ದ ಬಾಟಲಿಯನ್ನು ಹಿಡಿದು ಎಳೆದು ತೊಂಬತ್ತೊಂದರ ಪಾಲು ಮಾಡುವ ಈ ಕ್ರಿಯೆಗೆ ವರದಿಯಲ್ಲಿ ‘ಮರುಬಳಕೆಯ ಅರಿವು’ ಎಂದು ಶೀರ್ಷಿಕೆ ಕೊಡಲಾಗುತ್ತದೆ.

ಸಂಸ್ಕೃತಿ ವಿನಿಮಯವೂ ನಡೆಯಿತೆನ್ನಿ. ವಿಡಿಯೋ ಕರೆಯ ಒಂದು ತುದಿಯಲ್ಲಿ ನಿದ್ದೆಗಣ್ಣಿನ ಮಕ್ಕಳು, ಇನ್ನೊಂದು ತುದಿಯಲ್ಲಿ ಮನೆಗೆ ಹೊರಡುವ ಗಂಟೆಗೆ ಕಿವಿಗೊಟ್ಟ ಮಕ್ಕಳು. ಉಭಯ ಸಂಸ್ಕೃತಿಗಳೂ ಪರಸ್ಪರ ವಿನಿಮಯ ಮಾಡಿಕೊಂಡ ವಾಕ್ಯ ‘ನಮ್ಮ ಧ್ವನಿ ಕೇಳಿಸುತ್ತಿದೆಯೆ?’ ಎಂಬುದು. ಅಳತೆಯ ಮಾತು ಬಂದಾಗ ಧ್ವನಿ ಕೇಳಿಸದ ಕಾರಣ ಒಬ್ಬರು ಇಂಚಿನಲ್ಲಿಯೂ ಇನ್ನೊಬ್ಬರು ಸೆಂಟಿಮೀಟರಿನಲ್ಲಿಯೂ ಕತ್ತರಿಸಿದರು. ಆದ್ದರಿಂದ ಆಮೆಯ ಬಲಭಾಗ ಮೇಜಿನಷ್ಟಿದ್ದರೆ ಎಡಭಾಗ ತಟ್ಟೆಯಷ್ಟಿದೆ. ಫ್ಲೆಕ್ಸ್ ಬ್ಯಾನರಿನ ಮೇಲೆ ಮಾತ್ರ ಆಮೆ ಪೂರ್ಣವಾಗಿದ್ದು, ‘ಪ್ಲಾಸ್ಟಿಕ್ಕಿನಿಂದ ನನ್ನನ್ನು ಉಳಿಸಿ’ ಎಂದು ಬೇಡುತ್ತಿದೆ. ಫ್ಲೆಕ್ಸೂ ಪ್ಲಾಸ್ಟಿಕ್ಕೇ.

ಪ್ರದರ್ಶನ ಮುಗಿದ ಮೇಲೆ ಈ ಅರ್ಧ ಆಮೆಯನ್ನು ಯಾವ ಬುಟ್ಟಿಗೆ ಹಾಕಬೇಕೆಂಬ ಪ್ರಶ್ನೆ ಎದ್ದಿತು. ಒಣಕಸದವರು ಒಲ್ಲೆನೆಂದರು, ಹಸಿಕಸಕ್ಕೆ ಅದು ಸಲ್ಲದು. ಆಗ ಆಡಳಿತ ಮಂಡಳಿಗೆ ಸ್ನೇಹ ಉಕ್ಕಿ ಬಂದು, ಕೃತಿಯನ್ನು ಪಾಲುದಾರ ಶಾಲೆಗೆ ಉಡುಗೊರೆಯಾಗಿ ಕಳುಹಿಸಲು ನಿರ್ಧರಿಸಲಾಯಿತು. ದೇಶದಿಂದ ದೇಶಕ್ಕೆ ತ್ಯಾಜ್ಯ ಸಾಗಿಸುವುದನ್ನು ನಿಯಂತ್ರಿಸುವ 1989ರ ಬಾಸೆಲ್ ಒಪ್ಪಂದಕ್ಕೆ ಮಾಡಿದ, 2021ರ ಜನವರಿಯಿಂದ ಜಾರಿಯಲ್ಲಿರುವ ತಿದ್ದುಪಡಿಯ ಪ್ರಕಾರ ಬೆರಕೆ ಪ್ಲಾಸ್ಟಿಕ್ ತ್ಯಾಜ್ಯವನ್ನು ಗಡಿ ದಾಟಿಸಲು ಅದು ತಲುಪುವ ದೇಶದ ಪೂರ್ವಾನುಮತಿ ಬೇಕು. ಕಲೆಗೆ ಅಂಥ ಉಪದ್ರವವಿಲ್ಲ. ‘ಮಕ್ಕಳ ಕಲಾಕೃತಿ, ವಾಣಿಜ್ಯ ಮೌಲ್ಯವಿಲ್ಲ’ ಎಂದು ಬರೆದು, ಗುಳ್ಳೆ ಪ್ಲಾಸ್ಟಿಕ್ಕನ್ನು ಮೂರು ಸುತ್ತು ಸುತ್ತಿ, ವಿಮಾನಕ್ಕೇರಿಸಿದ್ದಾಯಿತು. ಕೊರಿಯರಿನ ರಸೀದಿ ಕೈಗೆ ಬಂದ ಮಧ್ಯಾಹ್ನವೇ ಆ ಕಡೆಯ ಶಾಲೆಯಿಂದ ಮಿಂಚಂಚೆ ಬಂತು: ಅವರ ಆಡಳಿತ ಮಂಡಳಿಗೂ ಹಿಂದಿನ ವಾರವೇ ಸ್ನೇಹ ಉಕ್ಕಿದ್ದು, ಎಡಭಾಗವು ಈಗಾಗಲೇ ಹೊರಟಿದೆ, ದಯವಿಟ್ಟು ಕಸ್ಟಮ್ಸಿನಿಂದ ಬಿಡಿಸಿಕೊಳ್ಳತಕ್ಕದ್ದು.